ನಿಂತು ದುಡಿದ ಪಾದಗಳು

ಹರಿಹರದ ದೇವರು ನಿಂತ ದೇವರು. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಗುಡಿಯಲ್ಲಿ, ಬಲಭಾಗ ಹರನಾಗಿಯೂ ಎಡಭಾಗ ಹರಿಯಾಗಿಯೂ ಒಂದೇ ವಿಗ್ರಹ ನೆಟ್ಟಗೆ ನಿಂತಿದೆ. ಎಂಟುನೂರು ವರ್ಷಗಳಿಂದ ಜನ ಚಪ್ಪಲಿಗಳನ್ನು ಹೊರಗೆ ಬಿಟ್ಟು ಬಂದು ಆ ಮೂರ್ತಿಯ ಮುಂದೆ ಕೈಮುಗಿಯುತ್ತಿದ್ದಾರೆ. ನಾನು ಹುಡುಗನಾಗಿದ್ದಾಗ ಒಂದು ಬೇಸಿಗೆಯ ರಜೆಯಲ್ಲಿ ನನ್ನ ಸೋದರಮಾವ ನನ್ನನ್ನು ದಾವಣಗೆರೆಯಿಂದ ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಮಂಗಳಾರತಿ ಆಗುವವರೆಗೂ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದ ಮಾವ, ನನ್ನ ಕಿವಿಯ ಹತ್ತಿರ ಬಗ್ಗಿ, “ಸ್ವಾಮಿಗೂ ಕಾಲು ನೋಯ್ತಾವೋ ಏನೋ ತಮ್ಮಾ, ಪಾಪ, ಯಾರು ಕೇಳ್ತಾರೆ” ಎಂದು ಮೆಲ್ಲಗೆ ನಕ್ಕರು. ಆ ಮಾತಿನಲ್ಲಿ ಭಕ್ತಿಗೆ ಕೊರತೆಯಿರಲಿಲ್ಲ. ಅವರು ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ನೂಲಿನ ಖಾತೆಯ ಕೆಲಸಗಾರರು. ದಿನಕ್ಕೆ ಎಂಟು ಗಂಟೆಗಳ ಕಾಲ ನಿಲ್ಲುವುದೇ ಅವರ ಉದ್ಯೋಗವಾಗಿತ್ತು. ನಿಂತವರ ಕಷ್ಟ ನಿಂತವರಿಗೇ ಗೊತ್ತು.

ದಾವಣಗೆರೆಯ ಚರಿತ್ರೆಯನ್ನು ಬರೆದವರು ಅಲ್ಲಿನ ಹತ್ತಿಯ ವ್ಯಾಪಾರದ ಬಗ್ಗೆ, ಬಂಡವಾಳ ಹೂಡಿದವರ ಬಗ್ಗೆ, ಕಾರ್ಮಿಕ ಚಳವಳಿಯ ಬಗ್ಗೆ ಬರೆದಿದ್ದಾರೆ. ಅವೆಲ್ಲ ಬರೆಯಬೇಕಾದ ಸಂಗತಿಗಳೇ. ಆದರೆ ಆ ಊರನ್ನು ಹೊತ್ತು ನಿಂತಿದ್ದ ಪಾದಗಳ ಚರಿತ್ರೆಯನ್ನು ಯಾರೂ ಬರೆದಂತಿಲ್ಲ. ನಿಂತು ದುಡಿಯುವವರು ಕಾಲಿಗೆ ಏನು ಹಾಕಿಕೊಳ್ಳುತ್ತಿದ್ದರು, ಏನು ಹಾಕಿಕೊಳ್ಳಬೇಕಾಗಿತ್ತು ಎಂಬ ಪ್ರಶ್ನೆ ಮೇಲುನೋಟಕ್ಕೆ ಕ್ಷುಲ್ಲಕವಾಗಿ ಕಾಣುತ್ತದೆ. ಅದರ ಹಿಂದೆ ಹೋದರೆ ಮಣ್ಣು, ಯಂತ್ರ, ಕಾನೂನು, ಜಾತಿ ಇವೆಲ್ಲವೂ ಒಂದೊಂದಾಗಿ ಎದುರಾಗುತ್ತವೆ.

ದಾವಣಗೆರೆಯ ಸುತ್ತಣ ಎರೆಭೂಮಿ ಹತ್ತಿಗೆ ಹೇಳಿಮಾಡಿಸಿದ ಭೂಮಿ. ಹತ್ತಿಯನ್ನು ಅರೆದು ಬೀಜ ಬೇರ್ಪಡಿಸುವ ಕಾರ್ಖಾನೆಗಳು ಮೊದಲು ಬಂದವು. 1930ರ ದಶಕದಲ್ಲಿ ದಾವಣಗೆರೆ ಕಾಟನ್ ಮಿಲ್ಸ್ ಹುಟ್ಟಿಕೊಂಡಿತು. ಅದರ ಬೆನ್ನಿಗೆ ಇನ್ನೂ ಹಲವು ಗಿರಣಿಗಳು ಎದ್ದವು. ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂತು. ಸುಮಾರು 14 ಕಿಲೋಮೀಟರು ದೂರದ ಹರಿಹರದಲ್ಲಿ, ತುಂಗಭದ್ರೆಯ ದಡದಲ್ಲಿ, 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಯಿತು. 1910ರಲ್ಲಿ ಕಿರ್ಲೋಸ್ಕರವಾಡಿಯಲ್ಲಿ ಕಬ್ಬಿಣದ ನೇಗಿಲಿನಿಂದ ಹೆಸರು ಮಾಡಿದ ಮನೆತನ ಇಲ್ಲಿ ಲೇತುಗಳನ್ನು, ಅಂದರೆ ಯಂತ್ರಗಳನ್ನು ಮಾಡುವ ಯಂತ್ರಗಳನ್ನು, ತಯಾರಿಸತೊಡಗಿತು. ಹೀಗೆ ಒಂದೇ ತಲೆಮಾರಿನ ಅವಧಿಯಲ್ಲಿ ಈ ಎರಡು ಊರುಗಳ ಸುತ್ತಮುತ್ತಲಿನ ಹಳ್ಳಿಗಳಿಂದ ಸಾವಿರಾರು ಜನ ಹೊಲವನ್ನು ಬಿಟ್ಟು ಯಂತ್ರದ ಮುಂದೆ ಬಂದು ನಿಂತರು.

ಇಲ್ಲಿ ನಡೆದ ಒಂದು ಬದಲಾವಣೆ ಯಾರ ಗಮನಕ್ಕೂ ಬರಲಿಲ್ಲ. ಹೊಲದಲ್ಲಿ ದುಡಿಯುವವನೂ ಹಗಲೆಲ್ಲ ಕಾಲ ಮೇಲೆಯೇ ಇರುತ್ತಾನೆ. ಆದರೆ ಅವನ ಪಾದದ ಕೆಳಗಿರುವುದು ಮಣ್ಣು. ಮಣ್ಣು ತುಳಿದರೆ ತಗ್ಗುತ್ತದೆ. ಪಾದದ ಆಕಾರಕ್ಕೆ ತಾನೇ ಆಕಾರ ಕೊಟ್ಟುಕೊಳ್ಳುತ್ತದೆ. ಹೆಜ್ಜೆಗೊಂದು ಏರು, ಹೆಜ್ಜೆಗೊಂದು ಇಳಿಜಾರು. ಆದ್ದರಿಂದ ಪಾದದ ಒಂದೇ ಜಾಗಕ್ಕೆ ಸದಾ ಭಾರ ಬೀಳುವುದಿಲ್ಲ. ಮೇಲಾಗಿ ರೈತ ಬಗ್ಗುತ್ತಾನೆ, ಕುಕ್ಕರಗಾಲಿನಲ್ಲಿ ಕೂರುತ್ತಾನೆ, ಬದುವಿನ ಮೇಲೆ ಕುಳಿತು ಬುತ್ತಿ ಬಿಚ್ಚುತ್ತಾನೆ. ಗಿರಣಿಗೆ ಬಂದಾಗ ಅದೇ ಬರಿಗಾಲು ಕಲ್ಲುಹಾಸಿನ ಮೇಲೆ, ಸಿಮೆಂಟಿನ ಮೇಲೆ ನಿಂತಿತು. ನೆಲ ಬದಲಾಯಿತು, ಅಭ್ಯಾಸ ಬದಲಾಗಲಿಲ್ಲ.

ನಮ್ಮ ಮಾವ ಕೆಲಸ ಮಾಡುತ್ತಿದ್ದುದು ರಿಂಗ್ ಫ್ರೇಮಿನ ಮೇಲೆ. ಉದ್ದನೆಯ ಯಂತ್ರದ ಎರಡೂ ಬದಿಗೆ ಸಾಲಾಗಿ ನೂರಾರು ಕದಿರುಗಳು ತಿರುಗುತ್ತಿರುತ್ತವೆ. ಎಳೆ ಎಲ್ಲಿ ಹರಿಯಿತೋ ಅಲ್ಲಿಗೆ ಹೋಗಿ ಕೂಡಿಸಬೇಕು. ಅಷ್ಟರಲ್ಲಿ ಇನ್ನೊಂದು ಕಡೆ ಹರಿದಿರುತ್ತದೆ. ನೂಲು ಹರಿಯದಿರಲೆಂದು ಗಾಳಿಯಲ್ಲಿ ತೇವವನ್ನು ಬಿಟ್ಟಿರುತ್ತಾರೆ. ಆ ಬೆವರಿನಲ್ಲಿ, ಆ ಸದ್ದಿನಲ್ಲಿ, ಹಾರುವ ಹತ್ತಿಯ ನಾರಿನ ನಡುವೆ ನಡೆಯುವುದು, ನಿಲ್ಲುವುದು, ಮತ್ತೆ ನಡೆಯುವುದು. ಪಾಳಿ ಮುಗಿಸಿ ಬಂದ ಮಾವ ಜಗಲಿಯ ಮೇಲೆ ಗೋಡೆಗೆ ಕಾಲು ಚಾಚಿ ಅಂಗಾತ ಮಲಗುತ್ತಿದ್ದರು. ಅತ್ತೆ ಉಪ್ಪು ಹಾಕಿದ ಬಿಸಿನೀರಿನ ಬೋಗುಣಿ ತಂದಿಡುತ್ತಿದ್ದರು. ಅವರ ಮೀನಖಂಡದ ಮೇಲೆ ನೀಲಿ ನರಗಳು ಹಗ್ಗದಂತೆ ಹೊಸೆದುಕೊಂಡಿದ್ದವು. ಅವನ್ನು ನಾನು ಬೆರಳಿನಿಂದ ಒತ್ತಿದರೆ ತಗ್ಗಿ, ಬಿಟ್ಟರೆ ಮತ್ತೆ ಉಬ್ಬುತ್ತಿದ್ದವು. ಮಕ್ಕಳಾದ ನಮಗೆ ಅದೊಂದು ಆಟ.

ಅದು ಆಟವಲ್ಲ, ರೋಗ ಎಂದು ಬಹಳ ಹಿಂದೆಯೇ ಬರೆದಿಟ್ಟವನೊಬ್ಬನಿದ್ದಾನೆ. ಇಟಲಿಯ ವೈದ್ಯ ಬರ್ನಾರ್ಡಿನೋ ರಾಮಾಝಿನಿ 1700ರಲ್ಲಿ ದುಡಿಯುವವರ ರೋಗಗಳನ್ನು ಕುರಿತು ಲ್ಯಾಟಿನ್ ಭಾಷೆಯಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದ. ರೋಗಿಯನ್ನು ನೋಡುವ ವೈದ್ಯ ಕೇಳಬೇಕಾದ ಪ್ರಶ್ನೆಗಳ ಜೊತೆಗೆ “ನಿನ್ನ ಕಸುಬೇನು” ಎಂಬ ಪ್ರಶ್ನೆಯನ್ನೂ ಕೇಳಲೇಬೇಕೆಂದು ಹೇಳಿದವನು ಅವನು. ಆ ಗ್ರಂಥದಲ್ಲಿ ನಿಂತು ದುಡಿಯುವವರಿಗಾಗಿಯೇ ಒಂದು ಅಧ್ಯಾಯವಿದೆ. ದೀರ್ಘಕಾಲ ನಡೆಯುವುದಕ್ಕಿಂತ ಸ್ವಲ್ಪ ಕಾಲ ಒಂದೆಡೆ ನಿಲ್ಲುವುದೇ ಹೆಚ್ಚು ಆಯಾಸಕರ ಎಂಬುದನ್ನು ಅವನು ಗುರುತಿಸಿದ್ದ. ನಡೆಯುವಾಗ ಸ್ನಾಯುಗಳು ಸರದಿಯಂತೆ ದುಡಿದು ಸರದಿಯಂತೆ ವಿರಮಿಸುತ್ತವೆ. ನಿಂತಾಗ ಎಲ್ಲವೂ ಒಟ್ಟಿಗೆ ಬಿಗಿದುಕೊಂಡಿರುತ್ತವೆ. ಕಾಲಿನ ನರಗಳು ಉಬ್ಬುವುದು, ಹುಣ್ಣಾಗುವುದು ಇವುಗಳನ್ನು ಅವನು ನಿಂತು ಕೆಲಸ ಮಾಡುವವರ ರೋಗಗಳೆಂದೇ ಬರೆದ. ಅವಕಾಶ ಸಿಕ್ಕಾಗಲೆಲ್ಲ ಕೂರಬೇಕು, ಇಲ್ಲವೇ ನಾಲ್ಕು ಹೆಜ್ಜೆ ಓಡಾಡಬೇಕು ಎಂಬುದು ಅವನ ಸಲಹೆ.

ಇಂದಿನ ವೈದ್ಯವಿಜ್ಞಾನ ಅವನ ಮಾತನ್ನು ಇನ್ನಷ್ಟು ವಿವರಿಸಿದೆ. ಪಾದದಿಂದ ಹೃದಯದವರೆಗೆ ರಕ್ತ ಮೇಲೇರಬೇಕು. ಆ ದಾರಿಯ ರಕ್ತನಾಳಗಳಲ್ಲಿ ಪುಟ್ಟ ಕವಾಟಗಳಿವೆ. ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿದಂತಾಗಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ; ಕವಾಟಗಳು ಅದನ್ನು ಕೆಳಗಿಳಿಯಗೊಡುವುದಿಲ್ಲ. ಮೀನಖಂಡವನ್ನು ಎರಡನೆಯ ಹೃದಯವೆಂದು ಕರೆಯುವುದು ಇದಕ್ಕಾಗಿ. ನಿಶ್ಚಲವಾಗಿ ನಿಂತಾಗ ಈ ಎರಡನೆಯ ಹೃದಯ ಸುಮ್ಮನಾಗುತ್ತದೆ. ರಕ್ತ ಕೆಳಗೆ ಮಡುಗಟ್ಟುತ್ತದೆ, ಕಾಲು ಬಾಯುತ್ತದೆ, ವರ್ಷಗಳು ಕಳೆದಂತೆ ಕವಾಟಗಳು ಸೋಲುತ್ತವೆ. ಇನ್ನು ಪಾದದ ವಿಷಯ. ಒಂದು ಪಾದದಲ್ಲಿ 26 ಮೂಳೆಗಳಿವೆ. ಅವು ಕಮಾನಿನಂತೆ ಜೋಡಣೆಗೊಂಡಿವೆ. ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ಎಳೆದು ಕಟ್ಟಿದ ಒಂದು ಗಟ್ಟಿ ಪಟ್ಟಿ ಆ ಕಮಾನನ್ನು ಹಿಡಿದಿಟ್ಟಿರುತ್ತದೆ. ಗಡುಸಾದ ನೆಲದ ಮೇಲೆ ದಿನವಿಡೀ ನಿಂತರೆ ಆ ಪಟ್ಟಿ ದಣಿಯುತ್ತದೆ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಯಲ್ಲಿ ಮೊಳೆ ಹೊಡೆದಂತಾಗುವ ನೋವು ಅನೇಕರಿಗೆ ಪರಿಚಿತವಾದದ್ದೇ. ಅದರ ಮೂಲ ಬಹುಮಟ್ಟಿಗೆ ಇಲ್ಲಿದೆ.

ಈಗ ಕಾನೂನಿನ ಕಡೆಗೆ ಬರೋಣ. ನಮ್ಮ ದೇಶದ ಮೊದಲ ಕಾರ್ಖಾನೆ ಕಾಯ್ದೆ 1881ರದು. ಅದು ಮಕ್ಕಳ ದುಡಿಮೆಗೆ ಮಿತಿ ಹಾಕಿತೇ ಹೊರತು ವಯಸ್ಕ ಗಂಡಸರ ಗಂಟೆಗಳನ್ನು ಮುಟ್ಟಲಿಲ್ಲ. 1911ರಲ್ಲಿ ಬಟ್ಟೆ ಗಿರಣಿಗಳ ಗಂಡಸರಿಗೆ ದಿನಕ್ಕೆ 12 ಗಂಟೆಗಳ ಮಿತಿ ಬಂತು. 1934ರ ಕಾಯ್ದೆ ಅದನ್ನು ವಾರಕ್ಕೆ 54 ಗಂಟೆಗಳಿಗೂ, 1946ರ ತಿದ್ದುಪಡಿ 48 ಗಂಟೆಗಳಿಗೂ ಇಳಿಸಿತು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಹೊಸ ಕಾರ್ಖಾನೆ ಕಾಯ್ದೆ ರೂಪುಗೊಂಡಿತು. ಅದರ 44ನೆಯ ಕಲಮು ನಿಂತು ಕೆಲಸ ಮಾಡಬೇಕಾದ ಕಾರ್ಮಿಕರನ್ನು ಕುರಿತದ್ದು. ಕೆಲಸದ ನಡುವೆ ಬಿಡುವು ಸಿಕ್ಕಾಗ ದಣಿವಾರಿಸಿಕೊಳ್ಳಲು ಅನುಕೂಲವಾಗುವಂತೆ ಅವರೆಲ್ಲರಿಗೂ ಕೂರುವ ಏರ್ಪಾಟು ಇರಬೇಕು; ಕುಳಿತೇ ಚೆನ್ನಾಗಿ ಮಾಡಬಹುದಾದ ಕೆಲಸವೆಂದು ಮುಖ್ಯ ಇನ್‌ಸ್ಪೆಕ್ಟರರಿಗೆ ತೋರಿದರೆ ಆಸನ ಒದಗಿಸುವಂತೆ ಅವರು ಆದೇಶಿಸಬಹುದು ಎಂದು ಅದು ವಿಧಿಸಿತು. ಕಾರ್ಖಾನೆ ಕಾಯ್ದೆಯ ಜಾಗಕ್ಕೆ ಬಂದಿರುವ 2020ರ ಸಂಹಿತೆಯೂ ಈ ಆಶಯವನ್ನು ಉಳಿಸಿಕೊಂಡಿದೆ.

ಕಾಲೇಜಿನಲ್ಲಿದ್ದಾಗ ಈ ಕಲಮನ್ನು ಓದಿದ ನಾನು ಉತ್ಸಾಹದಿಂದ ಮಾವನ ಮುಂದೆ ಅದನ್ನು ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, “ಸ್ಟೂಲು ಐತಪ್ಪ. ಗೋಡೆ ಹತ್ರಾನೇ ಐತಿ. ಕುಂದ್ರಾಕೆ ಧೈರ್ಯ ಇಲ್ಲ ಅಷ್ಟೇ” ಎಂದರು. ಕುಳಿತವನು ಸೋಮಾರಿ ಎಂಬುದು ಜಾಬರನ ಕಣ್ಣಿನ ತೀರ್ಪು. ಕಾಯ್ದೆ ಸ್ಟೂಲನ್ನು ತಂದಿರಿಸಬಲ್ಲುದು, ಆ ಕಣ್ಣನ್ನು ಬದಲಿಸಲಾರದು. ಹಾಗೆಂದು ಕೆಲಸಗಾರರು ಸುಮ್ಮನೆ ಸಹಿಸಿಕೊಂಡಿರಲಿಲ್ಲ. ತಮ್ಮ ಉಪಾಯಗಳನ್ನು ತಾವೇ ಕಂಡುಕೊಂಡಿದ್ದರು. ಯಂತ್ರದ ಅಡಿಯ ಕಬ್ಬಿಣದ ಪಟ್ಟಿಯ ಮೇಲೆ ಒಂದು ಕಾಲನ್ನು ಎತ್ತಿಟ್ಟು ನಿಲ್ಲುವುದು, ಸ್ವಲ್ಪ ಹೊತ್ತಿಗೆ ಕಾಲು ಬದಲಿಸುವುದು. ಎಳೆ ಹರಿಯದ ಗಳಿಗೆಯಲ್ಲಿ ತುದಿಗಾಲ ಮೇಲೆ ಎದ್ದು ಇಳಿಯುವುದು. ಸಾಧ್ಯವಾದ ಜಾಗದಲ್ಲಿ ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ಕಾಲ ಕೆಳಗೆ ಹಾಕಿಕೊಳ್ಳುವುದು. ಇಂದು ಕೆಲಸದ ಭಂಗಿಯನ್ನು ಅಧ್ಯಯನ ಮಾಡುವ ತಜ್ಞರು ಇವನ್ನೇ ಹೇಳುತ್ತಾರೆ. ಒಂದು ಕಾಲನ್ನು ತುಸು ಎತ್ತರದಲ್ಲಿ ಇಟ್ಟರೆ ಸೊಂಟದ ಬಿಗಿ ಸಡಿಲಾಗುತ್ತದೆ; ತುದಿಗಾಲಿನ ಏರಿಳಿತ ಮೀನಖಂಡವನ್ನು ಹಿಂಡುತ್ತದೆ; ಮೆತ್ತನೆಯ ಹಾಸು ಗಡುಸು ನೆಲದ ಪೆಟ್ಟನ್ನು ತಗ್ಗಿಸುತ್ತದೆ.

ಇಷ್ಟೆಲ್ಲ ಇದ್ದರೂ ಕಾಲಿಗೆ ಒಳ್ಳೆಯ ಪಾದರಕ್ಷೆ ಏಕಿರಲಿಲ್ಲ ಎಂದು ನೀವು ಕೇಳಬಹುದು. ಬಡತನ ಒಂದು ಕಾರಣ, ಅದು ಮುಖ್ಯ ಕಾರಣವೇ. ಆದರೆ ಅದೊಂದೇ ಅಲ್ಲ. ನಮ್ಮ ಸಂಸ್ಕೃತಿಯಲ್ಲಿ ಪಾದರಕ್ಷೆಯಷ್ಟು ವಿಚಿತ್ರವಾದ ಬಾಳನ್ನು ಬಾಳಿದ ವಸ್ತು ಇನ್ನೊಂದಿಲ್ಲ. ರಾಮನ ಪಾದುಕೆಗಳು ಸಿಂಹಾಸನವೇರಿ ಹದಿನಾಲ್ಕು ವರ್ಷ ರಾಜ್ಯವಾಳಿದವು. ಮಠಗಳಲ್ಲಿ ಹಾವುಗೆಗಳಿಗೆ ಪೂಜೆ ನಡೆಯುತ್ತದೆ. ಆದರೆ ಚರ್ಮದ ಮೆಟ್ಟನ್ನು ಹೊಲಿಯುವ ಕೈಯನ್ನು ಊರು ಹೊರಗಿಟ್ಟಿತು. ಎಷ್ಟೋ ಹಳ್ಳಿಗಳಲ್ಲಿ ಊರಿಗೆಲ್ಲ ಮೆಟ್ಟು ಮಾಡಿಕೊಟ್ಟವನು ತಾನೇ ಮೆಟ್ಟು ಹಾಕಿಕೊಂಡು ಮೇಲುಕೇರಿಯಲ್ಲಿ ನಡೆಯುವಂತಿರಲಿಲ್ಲ. ಕೈಯಲ್ಲಿ ಹಿಡಿದು ಹೋಗಬೇಕಾಗಿತ್ತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನೂ ಅವನ ಪತ್ನಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿದರೆಂಬ ಕಥೆಯನ್ನು ದಾವಣಗೆರೆ ಸೀಮೆಯಲ್ಲಿ ತಿಳಿಯದವರಿಲ್ಲ. ತಾವು ಮಾಡಿದ ಶರಣಿಗೆ ಬಸವಣ್ಣನವರು ಎರಡು ಬಾರಿ ಶರಣೆಂದುದರ ಋಣವನ್ನು ಅವರು ಹಾಗೆ ತೀರಿಸಲು ಬಯಸಿದರಂತೆ. ಹರಳಯ್ಯನ ಮಗನಿಗೆ ಮಧುವರಸನ ಮಗಳನ್ನು ಕೊಟ್ಟ ಮದುವೆ ಕಲ್ಯಾಣದ ದುರಂತಕ್ಕೆ ಕಾರಣವಾಯಿತು. ಆ ಪಾದರಕ್ಷೆಯ ಕಥೆಯನ್ನು ಭಕ್ತಿಯಿಂದ ಹೇಳುವ ನಾವು, ಚರ್ಮದ ಕೆಲಸದವನನ್ನು ಕಂಡ ರೀತಿಯನ್ನು ಮಾತ್ರ ಬದಲಿಸಿಕೊಂಡದ್ದು ಅತಿ ನಿಧಾನವಾಗಿ.

ಇದರ ಇನ್ನೊಂದು ಮುಖವೆಂದರೆ ಹೊಸ್ತಿಲು. ದೇವಸ್ಥಾನ, ಮನೆ, ಅಡಿಗೆಮನೆ, ಅಂಗಡಿಯ ಗಾದಿ, ಆಯುಧಪೂಜೆ ಮಾಡಿಸಿಕೊಳ್ಳುವ ಯಂತ್ರ, ಇವೆಲ್ಲದರ ಮುಂದೆ ನಾವು ಚಪ್ಪಲಿ ಬಿಡುತ್ತೇವೆ. ಹಾಗಾಗಿ ಪಾದರಕ್ಷೆ ನಮ್ಮಲ್ಲಿ ದಾರಿಗೆ ಸೇರಿದ ವಸ್ತು, ಕೆಲಸಕ್ಕೆ ಸೇರಿದ್ದಲ್ಲ. ಕೆಲಸದ ಜಾಗ ತಲುಪುವವರೆಗೆ ಅದು ಬೇಕು. ತಲುಪಿದ ಮೇಲೆ ಅದು ಹೊರಗೆ. ಚಳಿದೇಶಗಳಲ್ಲಿ ಬೂಟು ಕೆಲಸದ ಉಡುಪಿನ ಭಾಗವಾಗಿ ಬೆಳೆಯಿತು. ನಮ್ಮಲ್ಲಿ ಹಾಗಾಗಲಿಲ್ಲ. ಗೋಮಯ ಸಾರಿಸಿದ ನೆಲಕ್ಕೆ ಈ ಪದ್ಧತಿ ಹಿತವಾಗಿಯೇ ಇತ್ತು. ಸಿಮೆಂಟಿನ ನೆಲಕ್ಕೆ ಅದು ಹೊಂದಲಿಲ್ಲ.

ನಮ್ಮ ಮಾವನ ಬದುಕಿನಲ್ಲಿ ಈ ಸಂಗತಿ ಎಷ್ಟು ನಿಷ್ಠುರವಾಗಿ ನಡೆಯಿತೆಂಬುದನ್ನು ಹೇಳಬೇಕು. ಐವತ್ತರ ಹತ್ತಿರ ಬಂದಾಗ ಅವರಿಗೆ ಹಿಮ್ಮಡಿಯ ನೋವು ವಿಪರೀತವಾಯಿತು. ಅದುವರೆಗೆ ಅವರು ಹಾಕಿದ್ದು ಟಯರಿನ ಅಟ್ಟೆಯ ಚಪ್ಪಲಿ, ಆಮೇಲೆ ನೀಲಿ ಪಟ್ಟಿಯ ಹವಾಯಿ ಚಪ್ಪಲಿ. ಊರಿನ ಒಂದು ಮರದ ಕೆಳಗೆ ಕೂರುತ್ತಿದ್ದ ವೃದ್ಧ ಮೋಚಿಯೊಬ್ಬರ ಬಳಿ ಹವಾಯಿ ಚಪ್ಪಲಿಯ ಉಂಗುಟ ಸರಿಮಾಡಿಸಲು ಹೋದಾಗ ಅವರು ಆ ಚಪ್ಪಲಿಯನ್ನು ತಿರುಗಿಸಿ ಅಟ್ಟೆಯನ್ನು ನೋಡಿದರಂತೆ. “ಒಳಗಡೆ ಅಂಚು ಸವೆದೈತೆ ಯಜಮಾನ್ರೆ, ನಿಮ್ಮ ಪಾದ ಒಳಕ್ಕೆ ಕುಸಿದೈತೆ. ನೀವು ನಿಂತ್ಕಂಡು ಮಾಡೋ ಕೆಲಸದವರು” ಎಂದರಂತೆ. ವೈದ್ಯರು ಕೇಳದ ಪ್ರಶ್ನೆಗೆ ಚಪ್ಪಲಿಯೇ ಉತ್ತರ ಕೊಟ್ಟಿತ್ತು. ಆ ಮೋಚಿ ಮಾವನ ಎರಡೂ ಪಾದಗಳನ್ನು ಹಾಳೆಯ ಮೇಲೆ ಇರಿಸಿ ಗೆರೆ ಎಳೆದುಕೊಂಡು, ಹದಿನೈದು ದಿನಗಳಲ್ಲಿ ಒಂದು ಜೊತೆ ಚರ್ಮದ ಚಪ್ಪಲಿ ಹೊಲಿದುಕೊಟ್ಟರು. ಬೆರಳುಗಳು ಹರಡಿಕೊಳ್ಳಲು ಅಗಲವಾದ ಮುಂಭಾಗ, ಪಾದದ ಕಮಾನಿನ ಕೆಳಗೆ ಚರ್ಮದ ತುಂಡುಗಳನ್ನು ಅಂಟಿಸಿ ಮಾಡಿದ ಸಣ್ಣ ಉಬ್ಬು, ಹಿಮ್ಮಡಿಯ ಹಿಂದೆ ಒಂದು ಪಟ್ಟಿ. ಹಾಕಿಕೊಂಡು ಹತ್ತು ಹೆಜ್ಜೆ ನಡೆದ ಮಾವ ಮಾತಾಡಲಿಲ್ಲ. ಹಣ ಕೊಡುವಾಗ ಆ ವೃದ್ಧರ ಕೈ ಹಿಡಿದುಕೊಂಡರಂತೆ.

ಆದರೆ ಆ ಚಪ್ಪಲಿ ಮನೆಯಿಂದ ಗಿರಣಿಯ ಖಾತೆಯ ಬಾಗಿಲಿನವರೆಗೆ, ಬಾಗಿಲಿನಿಂದ ಮತ್ತೆ ಮನೆಯವರೆಗೆ. ನಡುವಣ ಎಂಟು ಗಂಟೆ ಅದು ಬಾಗಿಲ ಹೊರಗೆ ನೂರಾರು ಚಪ್ಪಲಿಗಳ ಸಾಲಿನಲ್ಲಿ ಕಾಯುತ್ತಿತ್ತು; ಪಾದಗಳು ಒಳಗೆ ಬರಿಗಾಲಿನಲ್ಲಿ ನಿಂತಿರುತ್ತಿದ್ದವು. ಒಳಗೆ ಹಾಕಿಕೊಳ್ಳಲು ಅಪ್ಪಣೆ ಕೇಳು ಎಂದು ಅತ್ತೆ ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ಮೆಷಿನ್ನು ಅನ್ನ ಕೊಡೋ ದೇವರು ಎಂಬುದು ಅವರ ನಂಬಿಕೆ. ಎಲ್ಲರೂ ಬರಿಗಾಲಿನಲ್ಲಿರುವಾಗ ತಾನೊಬ್ಬನೇ ಹೇಗೆ ಎಂಬುದು ಅವರ ಸಂಕೋಚ. ಕೊನೆಗೆ ಎಡಗಾಲಿನ ಹರಡಿನ ಹತ್ತಿರ ಹುಣ್ಣಾಗಿ, ಅದು ತಿಂಗಳುಗಟ್ಟಲೆ ಮಾಯದೆ, ಅವಧಿಗೆ ಮೊದಲೇ ಕೆಲಸ ಬಿಟ್ಟರು. ಅವರು ತೀರಿಕೊಂಡ ಮೇಲೆ ಅತ್ತೆ ಆ ಚಪ್ಪಲಿಯನ್ನು ಒಂದು ಹಳೆಯ ಪಂಚೆಯಲ್ಲಿ ಸುತ್ತಿಟ್ಟಿದ್ದರು. ನಾನು ಬಿಚ್ಚಿ ನೋಡಿದೆ. ಅಟ್ಟೆ ಹೆಚ್ಚು ಸವೆದಿರಲಿಲ್ಲ.

ಹರಿಹರದ ಕಥೆ ತುಸು ಬೇರೆ. ಲೇತಿನ ಮುಂದೆ ಬರಿಗಾಲಿನಲ್ಲಿ ನಿಲ್ಲುವುದು ಅಪಾಯ. ಲೋಹವನ್ನು ಕೊರೆದಾಗ ಏಳುವ ಸುರುಳಿ ಚೂರುಗಳು ಕಾದಿರುತ್ತವೆ, ಹರಿತವಾಗಿರುತ್ತವೆ. ಎಣ್ಣೆ ಬಿದ್ದ ನೆಲ ಜಾರುತ್ತದೆ. ಭಾರವಾದ ಬಿಡಿಭಾಗ ಕೈತಪ್ಪಿದರೆ ಬೆರಳು ಜಜ್ಜಿಹೋಗುತ್ತದೆ. ಆದ್ದರಿಂದ ಯಂತ್ರಶಾಲೆಗಳಿಗೆ ಬೂಟು ಬಂತು. ಹಲವು ಕಡೆ ಯಂತ್ರದ ಮುಂದೆ ಮರದ ಪಟ್ಟಿಗಳನ್ನು ಜೋಡಿಸಿದ ಹಲಗೆಯನ್ನು ಹಾಕುವ ರೂಢಿಯೂ ಬಂತು. ಎಣ್ಣೆ, ಚೂರುಗಳು ಸಂದಿಯಲ್ಲಿ ಕೆಳಗಿಳಿಯುತ್ತವೆ. ಮರ ಸಿಮೆಂಟಿಗಿಂತ ಮೃದು, ಕಾಲಿಗೆ ತಣ್ಣಗೆ ಹೊಡೆಯುವುದಿಲ್ಲ. ಲೇತಿನ ಮೇಲೆ ಬಹುಕಾಲ ದುಡಿದ ನನ್ನ ಹಿರಿಯ ಮಿತ್ರರೊಬ್ಬರು ಒಮ್ಮೆ ಹೇಳಿದ ಮಾತು ನನಗೆ ಮುಖ್ಯವಾಗಿ ತೋರಿತು. “ಬೂಟು ಕಬ್ಬಿಣದಿಂದ ಕಾಪಾಡುತ್ತೆ ಸ್ವಾಮಿ, ನಿಲ್ಲೋದರಿಂದ ಕಾಪಾಡಲ್ಲ. ನಿಲ್ಲೋದರಿಂದ ಕಾಪಾಡಿದ್ದು ಆ ಹಲಗೆ” ಎಂದರು ಅವರು. ಪೆಟ್ಟಿನಿಂದ ರಕ್ಷಿಸುವ ಬೂಟು ಬೇರೆ, ಪಾದಕ್ಕೆ ಆಸರೆ ಕೊಡುವ ಬೂಟು ಬೇರೆ. ಎರಡೂ ಗುಣ ಒಂದರಲ್ಲೇ ಇರಬಹುದು. ಆದರೆ ಒಂದಿದೆ ಎಂದ ಮಾತ್ರಕ್ಕೆ ಇನ್ನೊಂದು ಇದೆಯೆಂದು ನಂಬುವಂತಿಲ್ಲ.

ಪಾದರಕ್ಷೆಯನ್ನು ಔಷಧದಂತೆ ಕಂಡ ಒಂದು ಶ್ರೇಷ್ಠ ಪ್ರಯತ್ನ ನಡೆದದ್ದು ನಮ್ಮ ನೆರೆಯ ತಮಿಳುನಾಡಿನಲ್ಲಿ. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್ ಕುಷ್ಠರೋಗಿಗಳ ಪಾದಗಳನ್ನು ವರ್ಷಗಟ್ಟಲೆ ಅಭ್ಯಸಿಸಿದರು. ಪಾದ ಹುಣ್ಣಾಗುವುದು ನೇರವಾಗಿ ರೋಗದಿಂದಲ್ಲ, ಸ್ಪರ್ಶ ಕಳೆದುಕೊಂಡ ಪಾದದ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬೀಳುವ ಒತ್ತಡದಿಂದ ಎಂಬುದನ್ನು ಅವರು ತೋರಿಸಿದರು. ಆ ಒತ್ತಡವನ್ನು ಹಂಚುವ, ಸಣ್ಣ ಸಣ್ಣ ಗಾಳಿಗೂಡುಗಳುಳ್ಳ ರಬ್ಬರಿನ ಒಳಹಾಸಿನ ಚಪ್ಪಲಿಗಳು ಈ ಬಗೆಯ ಕೆಲಸದಿಂದ ಬಳಕೆಗೆ ಬಂದವು. ಎಂ.ಸಿ.ಆರ್. ಚಪ್ಪಲಿ ಎಂಬ ಹೆಸರಿನಲ್ಲಿ ಅವನ್ನು ಇಂದು ಸಕ್ಕರೆ ಕಾಯಿಲೆಯವರಿಗೂ ವೈದ್ಯರು ಬರೆದುಕೊಡುತ್ತಾರೆ. 1968ರಲ್ಲಿ ಜೈಪುರದಲ್ಲಿ ವೈದ್ಯ ಪಿ.ಕೆ. ಸೇಥಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ ಜೊತೆಗೂಡಿ ಕೃತಕ ಪಾದವನ್ನು ರೂಪಿಸಿದ್ದನ್ನೂ ಇಲ್ಲಿ ನೆನೆಯಬೇಕು. ವೈದ್ಯನ ಅರಿವೂ ಕಸುಬುದಾರನ ಕೈಯೂ ಕೂಡಿದಾಗ ಪಾದ ಬದುಕಿತು. ನಮ್ಮ ರಾಜ್ಯದಲ್ಲಿ ಚರ್ಮಕುಶಲಿಗಳ ನೆರವಿಗೆಂದು 1976ರಲ್ಲಿ ಲಿಡ್ಕರ್ ನಿಗಮ ಸ್ಥಾಪನೆಯಾಯಿತು. ಬೆಳಗಾವಿ ಜಿಲ್ಲೆಯ ಅಥಣಿ ಮೊದಲಾದ ಕಡೆ ಹೊಲಿಯುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಅದು ಮಹಾರಾಷ್ಟ್ರದ ನಾಲ್ಕು ಮತ್ತು ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಸೇರಿದ ಗೌರವ. ಆದರೆ ಆ ಚಪ್ಪಲಿ ಮಣ್ಣಿನ ದಾರಿಗೆ ಹುಟ್ಟಿದ್ದು. ಚಪ್ಪಟೆ ಅಟ್ಟೆಯ, ಹಿಂಪಟ್ಟಿಯಿಲ್ಲದ ಅದನ್ನು ಹಾಕಿಕೊಂಡು ಸಿಮೆಂಟಿನ ಮೇಲೆ ಎಂಟು ಗಂಟೆ ನಿಲ್ಲಬಹುದೆಂದು ಹೇಳಲಾರೆ.

ದಾವಣಗೆರೆಯ ಹಳೆಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಮೈಸೂರು ಕಿರ್ಲೋಸ್ಕರ್ ಕೂಡ ಈ ಶತಮಾನದ ಆರಂಭದ ವರ್ಷಗಳಲ್ಲಿ ನಿಂತುಹೋಯಿತು. ಆದರೆ ನಿಂತು ದುಡಿಯುವವರು ಕಡಿಮೆಯಾಗಿಲ್ಲ. ಮಂಡಕ್ಕಿ ಭಟ್ಟಿಯ ಉರಿಯ ಮುಂದೆ ನಿಂತವರಿದ್ದಾರೆ. ಬೆಣ್ಣೆದೋಸೆಯ ಕಾವಲಿಯ ಮುಂದೆ ನಿಂತವರಿದ್ದಾರೆ. ಆಸ್ಪತ್ರೆಯ ದಾದಿಯರು, ಬಸ್ಸಿನ ನಿರ್ವಾಹಕರು, ಚೌಕದ ಪೊಲೀಸರು, ಪೆಟ್ರೋಲ್ ಬಂಕಿನ ಹುಡುಗರು, ಶಾಲೆಯ ಉಪಾಧ್ಯಾಯರು ಇದ್ದಾರೆ. ಎಲ್ಲರಿಗಿಂತ ಹೆಚ್ಚಾಗಿ ಬಟ್ಟೆ ಅಂಗಡಿಯವರನ್ನು ನೆನೆಯುತ್ತೇನೆ. ಚೌಕಿಪೇಟೆಯಂಥ ಹಳೆಯ ಪೇಟೆಗಳ ಅಂಗಡಿಗಳಲ್ಲಿ ಬಿಳಿ ಗಾದಿಯ ಮೇಲೆ ವ್ಯಾಪಾರಿ ಕುಳಿತಿರುತ್ತಿದ್ದ, ಗಿರಾಕಿಯೂ ಎದುರಿಗೆ ಕುಳಿತು ಸೀರೆ ಬಿಡಿಸಿ ನೋಡುತ್ತಿದ್ದ. ಗಾದಿ ಹೋಗಿ ಗಾಜಿನ ಕಟ್ಟೆ ಬಂದಾಗ ಮಾರುವವರು ಎದ್ದು ನಿಂತರು. ಈಗ ಗಿರಾಕಿಗೆ ಕುರ್ಚಿಯಿದೆ, ಸೀರೆ ತೋರಿಸುವ ಹೆಣ್ಣುಮಗಳಿಗೆ ಎಷ್ಟೋ ಕಡೆ ಇಲ್ಲ. ಅಂಗಡಿಗಳ ಹೆಣ್ಣುಮಕ್ಕಳಿಗೆ ಆಸನ ಕೊಡಬೇಕೆಂದು ಇಂಗ್ಲೆಂಡ್ 1899ರಲ್ಲೇ ಕಾಯ್ದೆ ಮಾಡಿತ್ತು. ನಮ್ಮಲ್ಲಿ, ಕೋಳಿಕೋಡಿನ ಬಟ್ಟೆ ಅಂಗಡಿಗಳ ಹೆಂಗಸರು ಹೋರಾಡಿದ ಫಲವಾಗಿ ಕೇರಳ 2018ರಲ್ಲಿ ಕೂರುವ ಹಕ್ಕನ್ನು ಕಾನೂನಿಗೆ ತಂದಿತು. 2021ರಲ್ಲಿ ತಮಿಳುನಾಡು ಅದನ್ನು ಅನುಸರಿಸಿತು.

ಇಷ್ಟು ಹೇಳಿದ ಮೇಲೆ, ನಿಂತು ದುಡಿಯುವವರು ಎಂಥ ಪಾದರಕ್ಷೆಯನ್ನು ಆರಿಸಿಕೊಳ್ಳಬೇಕೆಂಬ ಮಾತನ್ನು ಆಡದಿದ್ದರೆ ಈ ಭಾಷಣ ಬರಿಯ ಹಳಹಳಿಕೆಯಾದೀತು. ಆ ವೃದ್ಧ ಮೋಚಿಯಿಂದ ಕಲಿತದ್ದು, ವೈದ್ಯರು ಹೇಳುವುದು ಎರಡೂ ಬಹುಮಟ್ಟಿಗೆ ಒಂದೇ. ಪಾದರಕ್ಷೆಯನ್ನು ಸಂಜೆಯ ಹೊತ್ತು ಕೊಳ್ಳಬೇಕು. ದಿನವಿಡೀ ನಿಂತ ಪಾದ ಸಂಜೆಗೆ ಬಾತಿರುತ್ತದೆ, ಬೆಳಿಗ್ಗೆ ಸರಿಯಾದದ್ದು ಸಂಜೆ ಕಚ್ಚುತ್ತದೆ. ಎರಡು ಪಾದಗಳೂ ಸಾಮಾನ್ಯವಾಗಿ ಒಂದೇ ಅಳತೆಯಲ್ಲಿರುವುದಿಲ್ಲ. ದೊಡ್ಡದಕ್ಕೆ ಹೊಂದುವುದನ್ನೇ ಆರಿಸಬೇಕು. ನಿಂತಾಗ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು, ಸುಮಾರು ಅರ್ಧ ಅಂಗುಲ, ಜಾಗವಿರಬೇಕು. ಬೆರಳುಗಳು ಒಂದರ ಮೇಲೊಂದು ಏರದೆ ಹರಡಿಕೊಳ್ಳಬೇಕು. ಹಿಮ್ಮಡಿಯ ಭಾಗ ಗಟ್ಟಿಯಾಗಿ, ಪಾದವನ್ನು ಅಲುಗದಂತೆ ಹಿಡಿದಿರಬೇಕು. ಎರಡು ಕೈಗಳಿಂದ ಬಗ್ಗಿಸಿ ನೋಡಿದರೆ ಬೆರಳಿನ ಬುಡದಲ್ಲಿ ಬಾಗಬೇಕೇ ವಿನಾ ನಡುವಿನಲ್ಲಿ ಮಡಚಿಕೊಳ್ಳಬಾರದು. ಹಿಮ್ಮಡಿ ತೀರ ಚಪ್ಪಟೆಯೂ ಬೇಡ, ಎತ್ತರವೂ ಬೇಡ. ಒಂದು ಅಂಗುಲದ ಆಸುಪಾಸು ಸಾಕು. ಮೆತ್ತಗಿರುವುದೆಲ್ಲ ಒಳ್ಳೆಯದೆಂಬುದು ತಪ್ಪು ತಿಳಿವಳಿಕೆ. ಹಾಸಿಗೆಯಂತೆ ಕುಸಿಯುವ ಅಟ್ಟೆಯ ಮೇಲೆ ಪಾದ ಸಮತೋಲಕ್ಕಾಗಿ ಹೆಣಗಿ ಇನ್ನಷ್ಟು ದಣಿಯುತ್ತದೆ. ಒಳಗೆ ಮೃದು, ಕೆಳಗೆ ದೃಢ, ಇದು ಸೂತ್ರ. ಚಪ್ಪಲಿಯೇ ಬೇಕೆನ್ನುವವರು ಹಿಂಪಟ್ಟಿಯಿರುವುದನ್ನು ಹಾಕಬೇಕು. ಇಲ್ಲದಿದ್ದರೆ ಅದು ಜಾರದಂತೆ ಬೆರಳುಗಳು ಕ್ಷಣಕ್ಷಣವೂ ಹಿಡಿದುಕೊಳ್ಳಬೇಕಾಗುತ್ತದೆ. ಸಾಧ್ಯವಿದ್ದರೆ ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಬದಲಿಸಿದರೆ ಬೆವರು ಆರುತ್ತದೆ, ಎರಡೂ ಬಾಳುತ್ತವೆ. ಅಟ್ಟೆ ಓರೆಯಾಗಿ ಸವೆದ ಮೇಲೆ ಮಮತೆ ಬೇಡ. ಸಕ್ಕರೆ ಕಾಯಿಲೆಯವರು, ನರ ಉಬ್ಬಿದವರು, ಹುಣ್ಣಾದವರು ಸ್ವಂತ ಆಯ್ಕೆಗೆ ಹೋಗದೆ ವೈದ್ಯರನ್ನು ಕಾಣಬೇಕು.

ಹೊಸ್ತಿಲಿನ ಪ್ರಶ್ನೆಗೂ ಪರಿಹಾರವಿದೆ. ಹೊರಗಿನದು ಹೊರಗೇ ಇರಲಿ. ಒಳಗೆ ಮಾತ್ರ ಬಳಸುವ ಶುಭ್ರವಾದ ಇನ್ನೊಂದು ಜೊತೆ ಇರಲಿ. ಅಡಿಗೆಯವರಿಗೂ ಗಿರಣಿಯವರಿಗೂ ಅಂಗಡಿಯವರಿಗೂ ಇದು ಅಸಾಧ್ಯವಲ್ಲ. ಅದನ್ನು ಕೊಡಿಸುವುದು ಕೆಲಸಕ್ಕೆ ಇಟ್ಟುಕೊಂಡವರ ಹೊಣೆ ಎಂದರೆ ತಪ್ಪಾಗಲಾರದು. ಅದೂ ಒಲ್ಲದ ಕಡೆ ಕಾಲ ಕೆಳಗೊಂದು ಹಾಸು ಇರಲಿ. ಎಷ್ಟು ಒಳ್ಳೆಯ 
ಪಾದರಕ್ಷೆಯೂ ಸ್ಟೂಲಿನ ಬದಲಿಗೆ ನಿಲ್ಲಲಾರದು ಎಂಬುದನ್ನು ಮಾತ್ರ ಮರೆಯುವಂತಿಲ್ಲ.

ಹೋದ ವರ್ಷ ಮತ್ತೆ ಹರಿಹರಕ್ಕೆ ಹೋಗಿದ್ದೆ. ಗುಡಿಯ ಹೊರಗೆ ಬಿಟ್ಟ ಚಪ್ಪಲಿಗಳ ಸಾಲನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತೆ. ಕೆಲವು ಹಿಮ್ಮಡಿಯಲ್ಲಿ ಸವೆದಿದ್ದವು, ಕೆಲವು ಒಳ ಅಂಚಿನಲ್ಲಿ. ಒಳಗೆ ದರ್ಶನಕ್ಕೆ ಸಾಲಿನಲ್ಲಿ ನಿಂತಿದ್ದಾಗ ನನ್ನ ಮುಂದಿದ್ದ ಯುವತಿಯೊಬ್ಬಳು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು. ಯಾವುದೋ ಅಂಗಡಿಯ ಸಮವಸ್ತ್ರ ತೊಟ್ಟಿದ್ದಳು. ಕೆಲಸಕ್ಕೆ ಹೋಗುವ ಮುನ್ನ ಬಂದಿದ್ದಳೆಂದು ಕಾಣುತ್ತದೆ. ಮುಂದಿನ ಬಾರಿ ನೀವು ಸೀರೆ ಕೊಳ್ಳಲು ಹೋದಾಗ, ಬಣ್ಣ ಅಂಚುಗಳನ್ನು ನೋಡಿ ಮುಗಿದ ಮೇಲೆ, ಅದನ್ನು ಬಿಡಿಸಿ ತೋರಿಸಿದವರ ಪಾದಗಳ ಕಡೆಗೂ ಒಮ್ಮೆ ನೋಡಿ. ಅವರಿಗೊಂದು ಸ್ಟೂಲು ಇದೆಯೇ, ಇದ್ದರೆ ಅದರ ಮೇಲೆ ಕೂರುವ ಧೈರ್ಯ ಇದೆಯೇ ಎಂದು ಮಾಲೀಕರನ್ನು ವಿಚಾರಿಸಿ. ಗಿರಾಕಿ ಕೇಳಿದ ಮಾತಿಗೆ ಪೇಟೆಯಲ್ಲಿ ಇನ್ನೂ ಬೆಲೆಯಿದೆ.